ಮೆರ್ಟ್ಸ್ ಬಿ. ಶ್ವಾನೆನ್ 215: ನಿಧಾನವಾಗಿ ಹೆಣೆದ ದುಂಡು ಕತ್ತಿನ ಟೀ ಶರ್ಟ್

ಪಾರಂಪರಿಕ ಶೈಲಿಯ ಹೆಸರಿನಲ್ಲಿ ಮಾರಾಟವಾಗುವ ಹತ್ತಿಯ ಟೀ ಶರ್ಟ್‌ಗಳಲ್ಲಿ ಹೆಚ್ಚಿನವುಗಳ ಪರಂಪರೆ ಕತ್ತಿನ ಹಿಂದಿನ ಚೀಟಿಯಲ್ಲಿಯೇ ಮುಗಿದುಹೋಗುತ್ತದೆ. ಜರ್ಮನಿಯ ಮೆರ್ಟ್ಸ್ ಬಿ. ಶ್ವಾನೆನ್ ಸಂಸ್ಥೆಯ 215 ಎಂಬ ಮಾದರಿಯಲ್ಲಿ ಅದು ನೂಲು ಬಟ್ಟೆಯಾಗುವ ಕ್ರಮದಲ್ಲಿಯೇ ಇರುವುದರಿಂದ, ಇದನ್ನು ದಿನನಿತ್ಯದ ಉಡುಪಾಗಿ ಪರಿಗಣಿಸುವವರು ಮೊದಲು ಅದರ ಹೆಣಿಗೆಯನ್ನು ತಿಳಿಯಬೇಕು.

ಸ್ಟುಟ್‌ಗಾರ್ಟ್‌ನ ದಕ್ಷಿಣಕ್ಕಿರುವ ಶ್ವೇಬಿಷ್ ಆಲ್ಬ್ ಬೆಟ್ಟಸೀಮೆ ಹೆಣಿಗೆ ಉದ್ಯಮಕ್ಕೆ ಹೆಸರಾದ ಪ್ರದೇಶ. ಅಲ್ಲಿನ ಆಲ್ಬ್‌ಸ್ಟಾಟ್ ನಗರದ ಟೈಲ್ಫಿಂಗೆನ್‌ನಲ್ಲಿ ಹೆಣಿಗೆಗೆಂದೇ ಒಂದು ವಸ್ತುಸಂಗ್ರಹಾಲಯವಿದೆ. 1911ರಲ್ಲಿ ಈ ಸೀಮೆಯಲ್ಲಿ ಹುಟ್ಟಿ ಕಾಲಾಂತರದಲ್ಲಿ ಮರೆಯಾಗಿದ್ದ ಈ ಸಂಸ್ಥೆಯ ಹೆಸರನ್ನು 2011ರಲ್ಲಿ ಪೀಟರ್ ಮತ್ತು ಗಿಟ್ಟಾ ಪ್ಲಾಟ್ನಿಕಿ ದಂಪತಿ ಪುನರುಜ್ಜೀವಗೊಳಿಸಿದರು. ಅವರು ಹಳೆಯ ವಿನ್ಯಾಸವನ್ನು ಮಾತ್ರವಲ್ಲದೆ ಲೂಪ್‌ವೀಲ್ ಎಂಬ ಹಳೆಯ ಹೆಣಿಗೆ ಯಂತ್ರಗಳನ್ನೂ ಉಳಿಸಿಕೊಂಡದ್ದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ.

ಈ ಯಂತ್ರಗಳು ಗಂಟೆಗೆ ಸುಮಾರು ಒಂದು ಮೀಟರ್ ಬಟ್ಟೆಯನ್ನಷ್ಟೇ ಹೆಣೆಯುತ್ತವೆ. ಇಂದಿನ ವೇಗದ ಯಂತ್ರಗಳು ಹೆಣೆದ ಬಟ್ಟೆಯನ್ನು ಕೆಳಗಿನಿಂದ ಬಿಗಿಯಾಗಿ ಎಳೆಯುತ್ತವೆ. ಲೂಪ್‌ವೀಲ್‌ನಲ್ಲಿ ಬಟ್ಟೆ ಹೆಚ್ಚುಕಡಿಮೆ ತನ್ನದೇ ಭಾರದಿಂದ ಇಳಿಯುವುದರಿಂದ ನೂಲಿನ ಕುಣಿಕೆಗಳು ಜಗ್ಗಿಹೋಗದೆ ಸಡಿಲವಾಗಿ, ತುಂಬಿಕೊಂಡು ಉಳಿಯುತ್ತವೆ. ಬಟ್ಟೆ ಕೊಳವೆಯಾಕಾರದಲ್ಲಿ ಬರುತ್ತದೆ, ಆದ್ದರಿಂದ ಪಕ್ಕದ ಹೊಲಿಗೆಯಿಲ್ಲ, ಮತ್ತು ಒಂದೊಂದು ಅಳತೆಯ ಅಂಗಿಗೆ ಒಂದೊಂದು ವ್ಯಾಸದ ಯಂತ್ರ ಬೇಕು. ಆದರೆ ಪಕ್ಕದ ಹೊಲಿಗೆ ಇಲ್ಲವೆಂಬುದನ್ನೇ ದೊಡ್ಡದು ಮಾಡಿ ಹೇಳುವ ಮಾರಾಟಗಾರರ ಮಾತಿಗೆ ಮರುಳಾಗಬೇಕಿಲ್ಲ. ನಮ್ಮ ಊರಿನ ಸಾಧಾರಣ ಬನಿಯನ್‌ಗಳಲ್ಲಿಯೂ ಎಷ್ಟೋ ಹಾಗೆಯೇ ತಯಾರಾಗುತ್ತವೆ. ಹಣ ಕೊಡುವುದು ಆ ನಿಧಾನಕ್ಕೆ.

ಅದರ ಫಲ ಮೈಮೇಲೆ ಗೊತ್ತಾಗುತ್ತದೆ. ಬಟ್ಟೆ ದಪ್ಪವಾಗಿದ್ದರೂ ಮೃದುವಾಗಿದೆ, ಬಿಳಿ ಬಣ್ಣದಲ್ಲಿಯೂ ಒಳಗಿನದು ಕಾಣುವುದಿಲ್ಲ, ಒಗೆದ ಮೇಲೆ ಅಂಗಿಯ ಮೈ ಒಂದು ಬದಿಗೆ ತಿರುಚಿಕೊಳ್ಳುವುದಿಲ್ಲ. ದುಂಡು ಕತ್ತಿನ ಅಂಗಿ ಸಾಮಾನ್ಯವಾಗಿ ಮೊದಲು ಸೋಲುವುದು ಕೊರಳಪಟ್ಟಿಯಲ್ಲಿ. ಇಲ್ಲಿ ಆ ಪಟ್ಟಿ ಕತ್ತಿಗೆ ಹತ್ತಿರವಾಗಿ ಕುಳಿತು, ಜೋಲದೆ, ಅಂಗಿಯನ್ನು ಹೊರಗಿನ ಉಡುಪಿನಷ್ಟೇ ಮರ್ಯಾದೆಯಿಂದ ಧರಿಸಲು ಅನುವು ಮಾಡಿಕೊಡುತ್ತದೆ. 2022ರಲ್ಲಿ ಅಮೆರಿಕದ ಜನಪ್ರಿಯ ಧಾರಾವಾಹಿಯೊಂದರ ಬಾಣಸಿಗ ಪಾತ್ರ ಇದನ್ನು ಧರಿಸಿದ ಮೇಲೆ ಬೇಡಿಕೆ ಏರಿತು, ಆದರೆ ಆ ಪ್ರಚಾರವಿಲ್ಲದೆಯೂ ಅಂಗಿಗೆ ತನ್ನದೇ ಯೋಗ್ಯತೆ ಇದೆ.

ಅಳತೆಗಳು ಸಂಖ್ಯೆಗಳಲ್ಲಿವೆ: 4 ಎಂದರೆ ಸ್ಮಾಲ್, 5 ಎಂದರೆ ಮೀಡಿಯಂ, 6 ಎಂದರೆ ಲಾರ್ಜ್. ಕೊಳವೆಯಂತೆ ನೇರವಾಗಿ ಇಳಿಯುವ ಮೈಯಾದ್ದರಿಂದ ಸೊಂಟದ ಬಳಿ ಒತ್ತಿಹಿಡಿಯುವ ಅಂಗಿಯನ್ನು ಬಯಸುವವರಿಗೆ ಇದು ಹೊಂದುವುದಿಲ್ಲ. ಬೆಂಗಳೂರಿನ ಹವೆಗೆ ಸೊಗಸಾಗಿ ಒಗ್ಗುವ ಈ ದಪ್ಪ, ಮಂಗಳೂರಿನ ಏಪ್ರಿಲ್ ಸೆಕೆಗೆ ಖಂಡಿತ ಹೆಚ್ಚು. ಕರಾವಳಿಯವರು ತೆಳು ಬಟ್ಟೆಯ ಮಾದರಿಯನ್ನೇ ನೋಡುವುದು ಒಳ್ಳೆಯದು. ಬೆಲೆಯೂ ಕಡಿಮೆಯಲ್ಲ. ಕಪಾಟು ತುಂಬಲು ಕೊಳ್ಳುವವರಿಗೆ ನಾನು ಇದನ್ನು ಶಿಫಾರಸು ಮಾಡಲಾರೆ. ಎರಡೇ ಅಂಗಿಗಳನ್ನು ಸರದಿಯಂತೆ ವರ್ಷಗಟ್ಟಲೆ ಧರಿಸುವವರಿಗೆ ಮನಃಪೂರ್ವಕವಾಗಿ ಮಾಡುತ್ತೇನೆ, ತಣ್ಣೀರಿನಲ್ಲಿ ಒಗೆದು, ಡ್ರೈಯರ್‌ಗೆ ಹಾಕದೆ, ನೆರಳಿನಲ್ಲಿ ಒಣಗಿಸುವ ತಾಳ್ಮೆ ಅವರಿಗಿದ್ದರೆ.