ಸ್ಕೈರಿಮ್‌ನ ಚೀಸ್‌ಗೆ ನನ್ನ ಪೂರ್ತಿ ಮಾರ್ಕ್ಸ್

ಬೆಳಗಾವಿ ಟಿಳಕವಾಡಿಯಲ್ಲಿ ನಮ್ಮ ಗೇಮಿಂಗ್ ಗೆಳೆಯರು ಸೇರಿದರೆ ಎಲ್ಡರ್ ಸ್ಕ್ರೋಲ್ಸ್ ವಿಡಿಯೋ ಗೇಮ್ ಸರಣಿ ಅಂದ್ರೆ ಡ್ರ್ಯಾಗನ್, ಕತ್ತಿ, ಮಂತ್ರದ ಮಾತೇ ಜಾಸ್ತಿ. ನನಗೆ ಇಷ್ಟ ಅದರ ಚೀಸ್.

ಈ ಸರಣಿಯ 2011ರ ಆಟ ಸ್ಕೈರಿಮ್‌ನಲ್ಲಿ ಯಾವ ಛತ್ರಕ್ಕೆ ಹೋದರೂ ಮೇಜಿನ ಮೇಲೆ ಚೀಸ್ ಇರುತ್ತೆ. ಮೇಕೆ ಹಾಲಿನದು ಒಂದು, ಈಡಾರ್ ಅನ್ನೋ ಚೀಸ್ ಇನ್ನೊಂದು. ಗಾಲಿಯಂತೆ ದುಂಡಗಿನ ಇಡೀ ಚೀಸೂ ಸಿಗುತ್ತೆ, ತುಂಡೂ ಸಿಗುತ್ತೆ. ಈಡಾರ್ ತುಂಡನ್ನು ಹತ್ತಿರದಿಂದ ನೋಡಿ, ಒಳಗೆ ನೀಲಿ ಗೆರೆಗಳು ಕಾಣುತ್ತವೆ. ಅಷ್ಟು ಸಣ್ಣ ಸಾಮಾನಿಗೂ ಇಷ್ಟು ಮನಸ್ಸಿಟ್ಟು ಕೆಲಸ ಮಾಡಿದ್ದಾರಲ್ಲ! ಇಡೀ ಗಾಲಿಯನ್ನು ಬೆಟ್ಟದ ತುದಿಯಿಂದ ಬಿಟ್ಟರೆ ಉರುಳಿಕೊಂಡು ಹೋಗುತ್ತೆ, ಅದನ್ನು ಸುಮ್ನೆ ನೋಡ್ತಾ ಕೂರಬಹುದು.

ತಿಂದರೆ ನಮ್ಮ ಪಾತ್ರದ ಹೆಲ್ತ್ (ಜೀವಬಲ) ಸ್ವಲ್ಪವೇ ಏರುತ್ತೆ, ಅದೊಂದು ಕೊರತೆ. ಆದರೆ ಮೆನು ತೆರೆದರೆ ಆಟ ನಿಲ್ಲುತ್ತೆ, ಹಾಗಾಗಿ ಜಗಳದ ಮಧ್ಯೆಯೇ ಇರುವಷ್ಟನ್ನೂ ತಿಂದು ಎದ್ದು ನಿಲ್ಲಬಹುದು. ನಿಜವಾದ ಲಾಭ ಎಲ್ಸ್‌ವೇರ್ ಫಾಂಡೂ ಅನ್ನೋ ಚೀಸ್ ಅಡುಗೆಯಲ್ಲಿದೆ. ಏಲ್ (ಒಂದು ಬಗೆಯ ಬಿಯರ್), ಈಡಾರ್ ಗಾಲಿ, ಮೂನ್ ಶುಗರ್ ಅನ್ನೋ ಆಟದ ಸಕ್ಕರೆ ಸೇರಿಸಿ ಬೇಯಿಸಿ ತಿಂದರೆ 720 ಸೆಕೆಂಡ್ ಮ್ಯಾಜಿಕಾ, ಅಂದ್ರೆ ಮಂತ್ರ ಹಾಕಲು ಬೇಕಾದ ಶಕ್ತಿ, 100 ಹೆಚ್ಚುತ್ತೆ, ಅದು ತುಂಬಿಕೊಳ್ಳುವ ವೇಗವೂ ಏರುತ್ತೆ. ಮಂತ್ರವಾದಿಯಾಗಿ ಆಡುವವರು ಈಡಾರ್ ಗಾಲಿ ಕಂಡರೆ ಬಿಡಲೇಬೇಡಿ.

ಇದೇ ಸರಣಿಯ 2006ರ ಆಟ ಆಬ್ಲಿವಿಯನ್‌ನಲ್ಲಂತೂ ಚೀಸ್ ಕಥೆಯನ್ನೇ ನಡೆಸುತ್ತೆ. ಹುಚ್ಚುತನದ ದೊರೆ ಶಿಯೊಗೊರತ್ ಕೊಡುವ ಕೆಲಸದಲ್ಲಿ ಗಬ್ಬು ನಾರುವ ಓಲ್ರಾಯ್ ಚೀಸನ್ನು ಪಾತ್ರೆಗೆ ಹಾಕಬೇಕು, ಆ ವಾಸನೆಗೆ ಬಾರ್ಡರ್ ವಾಚ್ ಊರಿಗೆಲ್ಲ ಇಲಿಗಳು ನುಗ್ಗುತ್ತವೆ. ಹೊಸದಾಗಿ ಆಡುವವರು ಇದನ್ನು ತಪ್ಪಿಸಿಕೊಳ್ಳಬೇಡಿ.