ಎಂಡಿಎಫ್, ರಬ್ಬರ್ ಮರ, ಸಾಗವಾನಿ: ಮೂರು ಮೇಜು ಬಳಸಿ ನೋಡಿದ್ದು

ವಿಜಯಪುರದ ನಮ್ಮ ಮನೆಯಲ್ಲಿ ಈಗ ಎರಡು ಮೇಜು ಇವೆ. ಇನ್ನೊಂದು ಗುಜರಿಗೆ ಹೋಯಿತು. ಮೊದಲೆರಡನ್ನು ಕೊಳ್ಳುವಾಗ ಮೇಲಿನ ಹೊಳಪು ನೋಡಿದ್ದೆ. ಮೂರನೆಯದಕ್ಕೆ ಬಗ್ಗಿ ಕೆಳಗೆ ನೋಡಿದೆ.

ಗುಜರಿಗೆ ಹೋದದ್ದು ಎಂಡಿಎಫ್ ಮೇಜು. ಮಗಳ ಓದಿಗೆ ಅಂತ ಆನ್‌ಲೈನಿನಲ್ಲಿ 6 ಸಾವಿರ ಕೊಟ್ಟು ತರಿಸಿದ್ದೆ. ಎತ್ತಿದರೆ ಭಾರ ಇತ್ತು, ಅದಕ್ಕೇ ಗಟ್ಟಿ ಅಂದುಕೊಂಡೆ. ತೂಕ ನೋಡಿ ನಂಬಬೇಡಿ. ಮರದ ನಾರಿಗೆ ಅಂಟು ಸೇರಿಸಿ, ಬಿಸಿಯಲ್ಲಿ ಒತ್ತಿ ಮಾಡುವ ಈ ಹಲಗೆ ಸಾಗವಾನಿಗಿಂತಲೂ ಭಾರ ಇರಬಹುದು. ದಿನಾ ನೆಲ ಒರೆಸುವ ನೀರು ತಾಗಿ ತಾಗಿ ಎರಡು ವರ್ಷಕ್ಕೆ ಕಾಲಿನ ಬುಡ ಚಹಾದಲ್ಲಿ ಅದ್ದಿದ ಟೋಸ್ಟಿನ ಹಾಗೆ ಉಬ್ಬಿತು. ಮನೆ ಬದಲಿಸುವಾಗ ಬಿಚ್ಚಿ ಮತ್ತೆ ಜೋಡಿಸಿದರೆ ಸ್ಕ್ರೂ ಹಿಡಿಯಲೇ ಇಲ್ಲ, ತೂತಿನಿಂದ ಪುಡಿ ಉದುರಿತು. ಬಾಡಿಗೆ ಮನೆಯವರಿಗೆ ಇದು ಬೇಡ.

ಊಟದ ಮೇಜು ರಬ್ಬರ್ ಮರದ್ದು. ಹಾಲು ಕಡಿಮೆಯಾದ ಹಳೆ ರಬ್ಬರ್ ಮರ ಕಡಿದು, ಹುಳ ಹಿಡಿಯದಂತೆ ಔಷಧಿ ಉಣಿಸಿ, ತುಂಡುಗಳನ್ನು ಬೆರಳಿಗೆ ಬೆರಳು ಹೆಣೆದ ಹಾಗೆ ಅಂಟಿಸಿರುತ್ತಾರೆ. ಐದು ವರ್ಷವಾಯಿತು, ಚೆನ್ನಾಗಿಯೇ ಇದೆ. ಆದರೆ ಕಾಲು ನಿಂತಿರುವುದು ಬೋಲ್ಟಿನ ಮೇಲೆ. ವರ್ಷಕ್ಕೊಮ್ಮೆ ಬಿಗಿ ಮಾಡದಿದ್ದರೆ ಓಲಾಡುತ್ತದೆ. ಬಿಸಿಲು ಬೀಳುವ ಕಿಟಕಿ ಪಕ್ಕ ಇಟ್ಟಿದ್ದ ಬೇಸಿಗೆಯಲ್ಲಿ ಎರಡು ಪಟ್ಟಿಗಳ ನಡುವೆ ಕೂದಲೆಳೆಯಷ್ಟು ಸಂದು ಬಿಟ್ಟಿತು. ನಮ್ಮ ಏಪ್ರಿಲ್ ಅಂದರೆ 40 ಡಿಗ್ರಿ ದಾಟುವ ಒಣ ಬಿಸಿಲು, ಅಲ್ವಾ?

ಸಾಗವಾನಿ ಅಂದ ಕೂಡಲೇ ಕಣ್ಣುಮುಚ್ಚಿ ಕೊಳ್ಳಬೇಕಿಲ್ಲ. ಬೆಳಗಾವಿಯ ಅಕ್ಕ ಒಂದು ಅಂಗಡಿಯಿಂದ ಹೊಸ ಸಾಗವಾನಿ ಮೇಜು ತಂದರು. ಎರಡನೇ ಮಳೆಗಾಲಕ್ಕೆ ಡ್ರಾಯರ್ ಉಬ್ಬಿ ಸಿಕ್ಕಿಹಾಕಿಕೊಂಡಿತು. ಆಮೇಲೆ ಒಂದು ಕಾಲಿನ ಕೆಳಗೆ ದಿನಾ ಮೈದಾ ಹಿಟ್ಟಿನಂಥ ಪುಡಿ. ಟಾರ್ಚ್ ಹಿಡಿದು ನೋಡಿದರೆ ಗುಂಡುಸೂಜಿ ತಲೆಯಷ್ಟು ತೂತುಗಳು. ಮೇಲೆ ಕಂದು ಪಾಲಿಶ್, ಒಳಗೆ ಬಿಳಿ ಮರ. ಸಾಗವಾನಿಯಲ್ಲಿ ಬಾಳಿಕೆ ಬರುವುದು ಕೆಚ್ಚು, ಅಂದರೆ ನಡುವಿನ ಕಂದು ಭಾಗ. ಸುತ್ತಲಿನ ಬಿಳಿ ಭಾಗ ಹುಳಕ್ಕೆ ಊಟ. ಅಕ್ಕನಿಗೆ ಆದ ಬೇಜಾರು ನನಗೂ ಆಯಿತು.

ಅದಕ್ಕೇ ನನ್ನ ಮೇಜನ್ನು ಊರಿನ ಬಡಿಗೇರ ಕಾಕಾ ಹತ್ತಿರ ಮಾಡಿಸಿದೆ. ಹಳೆ ಮನೆ ಕೆಡವಿದಾಗ ಸಿಕ್ಕ ತೊಲೆಗಳ ಸಾಗವಾನಿ, ಹತ್ತಾರು ವರ್ಷ ಒಣಗಿದ್ದು. ಒಟ್ಟು 28 ಸಾವಿರ. "ತಮ್ಮಾ, ಕೆಳಗ ಪಾಲಿಶ್ ಹೊಡದಿರಂಗಿಲ್ಲ, ಅಲ್ಲಿ ನೋಡು" ಅಂದರು. ನೋಡಿದೆ. ಕಾಲಿನಲ್ಲಿ ಚೌಕ ತೂತು ಕೊರೆದು, ಅಡ್ಡಪಟ್ಟಿಯ ತುದಿಯನ್ನು ನಾಲಿಗೆಯಂತೆ ಕೆತ್ತಿ ಒಳಗೆ ಕೂರಿಸಿದ್ದರು. ಮೇಲಿನ ಹಲಗೆಗೆ ಮಾತ್ರ ಅಂಟು ಹಾಕಿರಲಿಲ್ಲ. ಉದ್ದನೆಯ ತೂತಿನಲ್ಲಿ ಸ್ಕ್ರೂ ಹಾಕಿದ್ದರು. ಮರ ಉದ್ದಕ್ಕೆ ಹಿಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ಅಗಲಕ್ಕೆ ಮಾತ್ರ ಮಳೆಗೆ ಹಿಗ್ಗಿ ಬಿಸಿಲಿಗೆ ಕುಗ್ಗುತ್ತದೆ. ಅಲುಗಾಡಲು ಜಾಗ ಕೊಡದೆ ಬಿಗಿದರೆ ಹಲಗೆ ಸೀಳುತ್ತದೆ. ಈ ಒಂದು ಕೆಲಸಕ್ಕೇ ಜಾಸ್ತಿ ಕೊಟ್ಟ ದುಡ್ಡು ಸಾರ್ಥಕ ಅನಿಸಿತು.

ರೆಡಿಮೇಡ್ ಕೊಳ್ಳುವವರು ಅಂಗಡಿಯಲ್ಲೇ ಮೂಲೆ ಹಿಡಿದು ಓರೆಯಾಗಿ ತಳ್ಳಿ ನೋಡಿ, ಓಲಾಡಿದರೆ ಬಿಡಿ. ಹಲಗೆಯ ಅಂಚು ನೋಡಿ. ಮೇಲಿನ ಮರದ ಗೆರೆ ತುದಿಯಲ್ಲಿ ಇಳಿದು ಮುಂದುವರಿದರೆ ಒಳಗೂ ಅದೇ ಮರ. ಅಂಚಿಗೆ ಬೇರೆ ಪಟ್ಟಿ ಅಂಟಿಸಿದ್ದರೆ ಒಳಗೆ ಏನಿದೆ ಅಂತ ಕೇಳಿ. ಡ್ರಾಯರ್ ಪೂರ್ತಿ ಹೊರಗೆ ಎಳೆದು ಹಿಂಭಾಗ ನೋಡಿ, ಸುಮ್ನೆ ಮೊಳೆ ಹೊಡೆದಿದ್ದರೆ ಅಲ್ಲೇ ತಿಳಿಯುತ್ತದೆ. ಮೊಬೈಲ್ ಟಾರ್ಚ್ ಹಾಕಿ ಕೆಳಗೆ ಬಗ್ಗಲು ನಾಚಿಕೆ ಬೇಡ. ಅಕ್ಕನೂ ಈಗ ಹಾಗೇ ಬಗ್ಗಿ ನೋಡಿ, ಹೋದ ತಿಂಗಳು ರಬ್ಬರ್ ಮರದ ಮೇಜನ್ನೇ ಕೊಂಡರು.