ಹೂವಿನ ಮಾರ್ಕೆಟ್‌ಗೆ ಈ ಒಂದು ಲೆನ್ಸ್ ಸಾಕು: ನಿಕಾನ್ ಡಿಎಕ್ಸ್ 35 ಎಂಎಂ ಎಫ್/1.8ಜಿ

ಈ ಪುಟ್ಟ ಲೆನ್ಸನ್ನು ಉಡುಪಿ ರಥಬೀದಿಯಲ್ಲಿ, ಮಲ್ಪೆ ಬಂದರಿನಲ್ಲಿ ಬೇಕಾದಷ್ಟು ಬಳಸಿದ್ದೇನೆ. ಆದರೆ ಇದರ ತಾಕತ್ತು ಪೂರ್ತಿ ಗೊತ್ತಾಗಿದ್ದು ಬ್ಯಾಂಕಾಕ್‌ನ ಪಾಕ್ ಖ್ಲಾಂಗ್ ತಲಾತ್ ಹೂವಿನ ಮಾರ್ಕೆಟ್‌ನಲ್ಲಿ, ಅದೂ ನಡುರಾತ್ರಿ.

ಈ ಮಾರ್ಕೆಟ್ ದಿನದ 24 ಗಂಟೆಯೂ ತೆರೆದಿರುತ್ತದೆ. ಹಗಲಲ್ಲಿ ಹೋದರೆ ಅರ್ಧ ಮಜಾ ಅಷ್ಟೇ. ರಾತ್ರಿ ಲೋಡುಗಟ್ಟಲೆ ಚೆಂಡುಹೂ, ಸೇವಂತಿಗೆ, ತಾವರೆ ಮೊಗ್ಗು ಬಂದು ಇಳಿಯುವಾಗ ಗಾಡಿ ತಳ್ಳುವವರು, ಐಸ್ ಒಡೆಯುವವರು, ಮಾಲೆ ಕಟ್ಟುವವರು ಎಲ್ಲ ಒಟ್ಟಿಗೆ ಕೆಲಸದಲ್ಲಿರುತ್ತಾರೆ. ಸನಮ್ ಚಾಯ್ ಮೆಟ್ರೋ ಸ್ಟೇಷನ್ ಹತ್ತಿರದಲ್ಲೇ ಇದೆ. ಆದರೆ ತಡರಾತ್ರಿ ಮೆಟ್ರೋ ಇರುವುದಿಲ್ಲ, ವಾಪಸ್ ಬರಲು ಟ್ಯಾಕ್ಸಿಯೇ ಗತಿ. ಚಾತುಚಕ್ ವಾರಾಂತ್ಯದ ಸಂತೆಯನ್ನೂ ಸುತ್ತಿದೆ. ಸಾವಿರಾರು ಅಂಗಡಿಗಳಿವೆ, ಖರೀದಿಗೆ ಒಳ್ಳೆಯದು. ಫೋಟೋಗೆ ನನ್ನ ಓಟು ಹೂವಿನ ಮಾರ್ಕೆಟ್‌ಗೇ.

ಲೆನ್ಸ್ ತೂಕ ಬರೀ 200 ಗ್ರಾಂ. ದೊಡ್ಡ ಝೂಮ್ ಎತ್ತಿದರೆ ಜನ ಬಿಗಿಯಾಗಿಬಿಡುತ್ತಾರೆ, ಮುಖ ತಿರುಗಿಸುತ್ತಾರೆ. ಇದನ್ನು ಹಿಡಿದರೆ ಯಾರೂ ಅಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ. ಝೂಮ್ ಇಲ್ಲದ ಕಾರಣ ನೀವೇ ಹತ್ತಿರ ಹೋಗಬೇಕು, ಹತ್ತಿರ ಹೋದ ಮೇಲೆ ನಗಬೇಕು, ಕ್ಯಾಮೆರಾ ತೋರಿಸಿ ಕಣ್ಣಲ್ಲೇ ಕೇಳಬೇಕು, ಬೇಡ ಅಂದರೆ ಸುಮ್ನೆ ಮುಂದೆ ಹೋಗಬೇಕು. ಒಳ್ಳೆಯ ಫೋಟೋ ಬರುವುದೇ ಹೀಗೆ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ.

ಮಾಲೆ ಕಟ್ಟುವ ಒಬ್ಬ ಅಕ್ಕ ತಲೆಯಾಡಿಸಿ ಒಪ್ಪಿಗೆ ಕೊಟ್ಟರು. ನಮ್ಮ ಶಂಕರಪುರ ಮಲ್ಲಿಗೆಯನ್ನು ಬಾಳೆನಾರಲ್ಲಿ ಗಂಟು ಹಾಕಿ ಕಟ್ಟುತ್ತಾರಲ್ವಾ, ಅಲ್ಲಿ ಹಾಗಲ್ಲ. ಗೇಣುದ್ದದ ಸೂಜಿಗೆ ಮೊಗ್ಗುಗಳನ್ನು ಸುತ್ತಲೂ ಒಂದರ ಪಕ್ಕ ಒಂದು ಒತ್ತಾಗಿ ಚುಚ್ಚಿ, ಸೂಜಿ ತುಂಬಿದ ಮೇಲೆ ಒಟ್ಟಿಗೆ ದಾರಕ್ಕೆ ಎಳೆಯುತ್ತಾರೆ. ನಡುವೆ ನಮ್ಮ ಎಕ್ಕದ ಹೂ! ಗಣಪತಿಗೆ ಏರಿಸುವ ಅದೇ ಎಕ್ಕ ಅಲ್ಲಿನ ಮಾಲೆಯಲ್ಲೂ ಇರುವುದನ್ನು ನೋಡಿ ಎಷ್ಟು ಖುಷಿಯಾಯಿತು ಅಂದರೆ ಅಲ್ಲೇ ಕೂತುಬಿಟ್ಟೆ. ಲೆನ್ಸ್ 30 ಸೆಂಟಿಮೀಟರ್‌ವರೆಗೂ ಫೋಕಸ್ ಮಾಡುತ್ತದೆ. ಅಷ್ಟು ಹತ್ತಿರದಲ್ಲಿ ಎಫ್/1.8 ಇಟ್ಟರೆ, ಅಂದರೆ ಲೆನ್ಸಿನ ಕಿಂಡಿ ಪೂರ್ತಿ ತೆರೆದರೆ, ಸೂಜಿಯ ತುದಿ ಮಾತ್ರ ಚೊಕ್ಕ, ಬೆರಳು ಮಸುಕು. ಕಿಂಡಿ ಕಿರಿದು ಮಾಡಿ ಎಫ್/2.8 ಅಥವಾ 4ಕ್ಕೆ ಹೋದರೆ ಎರಡೂ ಸಿಗುತ್ತವೆ.

ಬೆಳಕಿನ ಲೆಕ್ಕ ಹೇಳುತ್ತೇನೆ. ಕ್ಯಾಮೆರಾ ಜೊತೆಗೇ ಬರುವ ಕಿಟ್ ಲೆನ್ಸಿಗೆ ಐಎಸ್ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ, ಏರಿದಷ್ಟೂ ಫೋಟೋ ತರಿತರಿ) 6400 ಬೇಕಾಗುವ ಕಡೆ ಇದು ಸುಮಾರು 1000ದಲ್ಲಿ ಮುಗಿಸುತ್ತದೆ. ಒಂದು ವಿಷಯ ನೆನಪಿರಲಿ. ಅಲ್ಲಿಯೂ ಕರೆಂಟ್ ನಮ್ಮ ಹಾಗೆ 50 ಹರ್ಟ್ಸ್, ಟ್ಯೂಬ್‌ಲೈಟುಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರ್ 1/100 ಸೆಕೆಂಡಿನಲ್ಲಿ ಇಟ್ಟರೆ ಫೋಟೋದಲ್ಲಿ ಕಪ್ಪು ಪಟ್ಟಿ, ಬಣ್ಣದ ಏರುಪೇರು ಬರುವುದಿಲ್ಲ.

ಇದರಲ್ಲಿ ವಿಆರ್ ಇಲ್ಲ, ಅಂದರೆ ಕೈ ನಡುಗಿದರೆ ಲೆನ್ಸ್ ಸರಿಮಾಡುವುದಿಲ್ಲ. ಡಿಎಕ್ಸ್, ಅಂದರೆ ಫುಲ್ ಫ್ರೇಮಿಗಿಂತ ಚಿಕ್ಕ ಸೆನ್ಸರ್ ಇರುವ ನಿಕಾನ್ ಕ್ಯಾಮೆರಾದಲ್ಲಿ ನೋಟ ಕಿರಿದಾಗಿ, ಫುಲ್ ಫ್ರೇಮಿನ 52 ಎಂಎಂ ಹತ್ತಿರ ಬರುತ್ತದೆ. ಹಾಗಾಗಿ ಇಕ್ಕಟ್ಟಿನ ಗಲ್ಲಿ ಪೂರ್ತಿ ಹಿಡಿಯಬೇಕು ಅಂದರೆ ಆಗುವುದಿಲ್ಲ, ಅದಕ್ಕೆ ಕಿಟ್ ಲೆನ್ಸನ್ನು ಬ್ಯಾಗಲ್ಲಿ ಇಟ್ಟುಕೊಳ್ಳಿ.

2009ರಲ್ಲಿ ಬಂದ ಲೆನ್ಸ್ ಇದು, ಸೆಕೆಂಡ್ ಹ್ಯಾಂಡ್ ಜಾಸ್ತಿ ಓಡಾಡುತ್ತಿರುತ್ತದೆ. ನಮ್ಮ ಕರಾವಳಿಯಲ್ಲಿ ಕೊಳ್ಳುವವರು ಮೊಬೈಲ್ ಟಾರ್ಚ್ ಹಾಕಿ ಗಾಜಿನ ಒಳಗೆ ನೋಡಿ, ಜೇಡರ ಬಲೆ ಥರ ಎಳೆ ಕಂಡರೆ ಫಂಗಸ್, ಎಷ್ಟೇ ಅಗ್ಗ ಇದ್ದರೂ ಬೇಡ. ನಿಕಾನ್ ಡಿ3500, ಡಿ5600 ಕ್ಯಾಮೆರಾ ಇರುವವರು ಕಣ್ಣುಮುಚ್ಚಿ ತಗೊಳ್ಳಬಹುದು. ಮನೆಗೆ ತಂದ ಮೇಲೆ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿ ಇಡಿ, ಮಳೆಗಾಲದಲ್ಲಂತೂ ತಪ್ಪಿಸಬೇಡಿ.